ಕುರ್ಚಿ ಆಕಳಿಸಿದರೆ ಅದು ಯಾವ ಅಲಂಕಾರ?

ಪುಣೆಯ ಓದುಗರೊಬ್ಬರ ಪತ್ರ: “ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಕಥೆ, ನಗೆಬರಹ ಓದಿ ಸವಿಯುತ್ತೇನೆ. ಆದರೆ ಯಾಕೆ ಹಿಡಿಸಿತು ಎಂದು ಹೇಳಹೊರಟರೆ ಪದ ಸಿಗುವುದಿಲ್ಲ. ಉಪಮೆ, ರೂಪಕ, ಉತ್ಪ್ರೇಕ್ಷೆ, ವ್ಯಂಗ್ಯ, ವಿಡಂಬನೆ, ಲೇವಡಿ ಎಲ್ಲವೂ ಕಲಸಿಹೋಗುತ್ತವೆ. ‘ಅವರ ಭಾಷಣ ಕೇಳಿ ಕುರ್ಚಿಗಳೂ ಆಕಳಿಸಿದವು’ ಎಂದರೆ ಅದು ಅಲಂಕಾರವೋ ಲೇವಡಿಯೋ? ಈ ಪದಗಳನ್ನು ಯಾವ ಕ್ರಮದಲ್ಲಿ ಕಲಿಯಲಿ?”

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆಯಲ್ಲೇ ಗೊಂದಲದ ಬೇರು ಇದೆ. ‘ಅಲಂಕಾರವೋ ಲೇವಡಿಯೋ’ ಎಂದು ಕೇಳಿದ್ದೀರಿ. ಒಂದೇ ಮಾತು ಎರಡೂ ಆಗಬಹುದು. ಉಪಮೆ, ರೂಪಕ, ಶ್ಲೇಷೆ ಎನ್ನುವುವು ಮಾತಿನ ಕಟ್ಟಿಗೆ ಇಟ್ಟ ಹೆಸರುಗಳು. ಲೇವಡಿ, ಕುಹಕ, ವಿಡಂಬನೆ ಎನ್ನುವುವು ಆ ಮಾತು ಯಾರ ಮೇಲೆ, ಯಾವ ಮನಸ್ಸಿನಿಂದ ಬಂತು ಎನ್ನುವುದಕ್ಕೆ ಇಟ್ಟ ಹೆಸರುಗಳು. ಇವನ್ನು ಎರಡು ಬೇರೆ ಪುಟಗಳಲ್ಲಿ ಬರೆದುಕೊಳ್ಳಿ, ಅರ್ಧ ಸಿಕ್ಕು ಅಲ್ಲಿಗೇ ಬಿಡಿಸಿಕೊಳ್ಳುತ್ತದೆ.

ಮೊದಲು ಕಟ್ಟು. ನಿಮ್ಮ ಭಾಷಣಕಾರರನ್ನೇ ಇಟ್ಟುಕೊಳ್ಳೋಣ. ‘ಅವರ ಭಾಷಣ ಗೂಡ್ಸ್ ರೈಲಿನಂತೆ ಉದ್ದವಾಗಿತ್ತು.’ ನಾವು ವರ್ಣಿಸುತ್ತಿರುವ ಭಾಷಣ ಉಪಮೇಯ, ಅದಕ್ಕೆ ಹೋಲಿಕೆಯಾಗಿ ತಂದ ಗೂಡ್ಸ್ ರೈಲು ಉಪಮಾನ, ಹೋಲಿಕೆ ತೋರುವ ‘ಅಂತೆ’ ಉಪಮಾವಾಚಕ, ಎರಡರಲ್ಲೂ ಇರುವ ಉದ್ದ ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ. ‘ಭಾಷಣ ಗೂಡ್ಸ್ ರೈಲಿನಂತಿತ್ತು’ ಎಂದರೆ ಸಮಾನಧರ್ಮ ಬಿಟ್ಟುಹೋಯಿತು, ಅದು ಲುಪ್ತೋಪಮೆ. ‘ಅವರ ಭಾಷಣವೇ ಒಂದು ಗೂಡ್ಸ್ ರೈಲು’ ಎಂದರೆ ಎರಡಕ್ಕೂ ಭೇದವೇ ಇಲ್ಲವೆಂದಂತಾಯಿತು, ಅದು ರೂಪಕ. ‘ಗೂಡ್ಸ್ ರೈಲೇ ವೇದಿಕೆ ಹತ್ತಿ ನಿಂತಿತೋ ಎಂಬಂತೆ ಭಾಷಣ ಸಾಗಿತು’ ಎಂದರೆ ಒಂದನ್ನು ಇನ್ನೊಂದೆಂದು ಕಲ್ಪಿಸಿದಂತೆ, ಅದು ಉತ್ಪ್ರೇಕ್ಷೆ. ‘ಎಂಥ ಉಪಕಾರಿ! ನಿದ್ದೆ ಬಾರದವರಿಗೆಲ್ಲ ಮಾತ್ರೆಯಿಲ್ಲದೆ ನಿದ್ದೆ ಬರಿಸಿದರು’ ಎಂದರೆ ಹೊಗಳಿಕೆಯ ವೇಷದ ತೆಗಳಿಕೆ, ಅದು ವ್ಯಾಜಸ್ತುತಿ. ತೆಗಳಿದಂತೆ ತೋರಿ ಹೊಗಳಿದರೂ ಹೆಸರು ಅದೇ.

ಇಲ್ಲಿ ಹೆಚ್ಚಿನವರು ಎಡವುವುದು ‘ಅಂತೆ’ಯ ಮೇಲೆ. ‘ಅಂತೆ’ ಕಂಡ ಕೂಡಲೇ ಉಪಮೆ ಎಂದು ಬರೆದುಬಿಡುತ್ತಾರೆ. ‘ನಾಳೆ ಮಳೆ ಬರುತ್ತದಂತೆ’ ಎಂಬುದು ಕೇಳಿದ ಸುದ್ದಿ. ‘ಹೇಳಿದಂತೆ ಮಾಡಿದ’ ಎಂಬುದು ರೀತಿ. ಉತ್ಪ್ರೇಕ್ಷೆಯಲ್ಲೂ ‘ಎಂಬಂತೆ’ ಬರುತ್ತದೆ. ಆದ್ದರಿಂದ ಪ್ರತ್ಯಯ ನೋಡಬೇಡಿ. ಹೋಲಿಸಲು ಎರಡು ವಸ್ತುಗಳಿವೆಯೇ ಎಂದು ಮೊದಲು ಹುಡುಕಿ, ಬರೆದವರು ಹೋಲಿಸುತ್ತಿದ್ದಾರೋ ಊಹಿಸುತ್ತಿದ್ದಾರೋ ಎಂದು ಆಮೇಲೆ ಕೇಳಿ.

ಶ್ಲೇಷೆ ಮತ್ತು ಯಮಕಕ್ಕೂ ಇದೇ ಗತಿ. ‘ಬೇಡ ಬೇಡ ಎಂದರೂ ಬೇಡ ಬಿಲ್ಲೆತ್ತಿದ’ ಎಂಬಲ್ಲಿ ಅದೇ ಅಕ್ಷರಗಳು ಮರಳಿ ಬಂದು ಬೇರೆ ಅರ್ಥ ಕೊಡುತ್ತವೆ, ಇದು ಯಮಕ. ಬಸ್ಸಿನ ಬಾಗಿಲಲ್ಲಿ ಕಂಡಕ್ಟರು ‘ಹತ್ತಿ, ಹತ್ತಿ’ ಎಂದಾಗ ವ್ಯಾಪಾರಿ ‘ಕ್ವಿಂಟಾಲಿಗೆ ಎಷ್ಟು?’ ಎಂದು ಕೇಳಿದರೆ, ಒಂದೇ ಪದ ನಿಂತಲ್ಲೇ ಎರಡು ಅರ್ಥ ಹೊತ್ತಿದೆ, ಇದು ಶ್ಲೇಷೆ. ಕನ್ನಡದ ನಗೆಬರಹ ಬಹಳಷ್ಟು ನಿಂತಿರುವುದು ಶ್ಲೇಷೆಯ ಮೇಲೆ. ಇದನ್ನು ಮೊದಲ ವಾರವೇ ಕಲಿಯಿರಿ.

‘ಪ್ರಾಸ’ ಎಂದರೆ ಸಾಲಿನ ಕೊನೆಯ ಹೊಂದಿಕೆ ಎಂದಷ್ಟೇ ತಿಳಿದಿದ್ದರೆ ಅದನ್ನೂ ತಿದ್ದಿಕೊಳ್ಳಿ. ಅದು ಅಂತ್ಯಪ್ರಾಸ. ಹಳಗನ್ನಡ ಕಾವ್ಯದ ಪ್ರಾಸ ಪಾದದ, ಅಂದರೆ ಪದ್ಯದ ಸಾಲಿನ, ಎರಡನೆಯ ಅಕ್ಷರದಲ್ಲಿರುತ್ತದೆ. 9ನೆಯ ಶತಮಾನದ ಕವಿರಾಜಮಾರ್ಗದ ಆ ಪ್ರಸಿದ್ಧ ಪದ್ಯದ ನಾಲ್ಕು ಪಾದಗಳ ಆರಂಭ ನೋಡಿ: ಕಾವೇರಿ, (ಗೋ)ದಾವರಿ, ಭಾವಿಸಿದ, (ವಸು)ಧಾವಳಯ. ಗೋದಾವರಿಯೂ ವಸುಧಾವಳಯವೂ ಎರಡೆರಡು ಪಾದಗಳ ನಡುವೆ ಒಡೆದಿರುವುದರಿಂದ ಎರಡನೆಯ, ನಾಲ್ಕನೆಯ ಪಾದಗಳು ‘ದಾ’, ‘ಧಾ’ ಎಂದೇ ಶುರುವಾಗುತ್ತವೆ. ನಾಲ್ಕರಲ್ಲೂ ಎರಡನೆಯ ಅಕ್ಷರ ವಕಾರ, ಅದರ ಹಿಂದೆ ದೀರ್ಘ. ಹೀಗೆ ಹಿಂದೆ ದೀರ್ಘವಿದ್ದರೆ ಗಜಪ್ರಾಸ, ಹ್ರಸ್ವವಿದ್ದರೆ ಸಿಂಹಪ್ರಾಸ. ಒಮ್ಮೆ ಗಟ್ಟಿಯಾಗಿ ಓದಿದರೆ ಕಿವಿಗೇ ಗೊತ್ತಾಗುತ್ತದೆ.

ಇನ್ನು ನಗೆಯ ಪುಟ. ವ್ಯಕ್ತಿಯನ್ನು ಗುರಿಯಾಗಿಸಿ ನಗುವುದು ಗೇಲಿ, ಲೇವಡಿ. ಅದರಲ್ಲಿ ಕೆಡುಕಿನ ಮನಸ್ಸು ಸೇರಿದರೆ ಕುಹಕ. ಒಂದೇ ಸಾಲಿನಲ್ಲಿ ಚುಚ್ಚಿದರೆ ಕಟಕಿ. ಕೀಟಲೆಯ ಪ್ರಶ್ನೆ ಎಸೆದರೆ ಕುಚೋದ್ಯ. ಮೂಲದ ಧಾಟಿಯನ್ನೇ ಹಿಡಿದು ಬೇರೆ ವಿಷಯ ತುಂಬಿದರೆ ಅಣಕ. ಮೂಲ ಗೊತ್ತಿಲ್ಲದವರಿಗೆ ಅಣಕ ತಾಗುವುದಿಲ್ಲ. ವಿಡಂಬನೆಯ ಗುರಿ ಸಾಮಾನ್ಯವಾಗಿ ಒಬ್ಬ ಮನುಷ್ಯನಿಗಿಂತ ದೊಡ್ಡದು, ಒಂದು ಪದ್ಧತಿ ಅಥವಾ ಸೋಗು. ‘ಶ್ರೋತೃಗಳು ದಿಂಬಿನೊಂದಿಗೆ ಆಗಮಿಸಬೇಕಾಗಿ ವಿನಂತಿ’ ಎಂಬ ಸಾಲುಳ್ಳ ಆಮಂತ್ರಣ ಪತ್ರಿಕೆ ಬರೆದರೆ ಕಟ್ಟಿನಲ್ಲಿ ಅಣಕ, ಗುರಿಯಲ್ಲಿ ಸಭಾಪದ್ಧತಿಯ ವಿಡಂಬನೆ.

ವ್ಯಂಗ್ಯದ ವಿಷಯದಲ್ಲಿ ಎಚ್ಚರ ಬೇಕು. ಇಂದಿನ ಮಾತಿನಲ್ಲಿ ಅದು ಚುಚ್ಚುವ ವಕ್ರ ಮಾತು. ಕಾವ್ಯಮೀಮಾಂಸೆಯಲ್ಲಿ ವಾಚ್ಯ, ಲಕ್ಷ್ಯ, ವ್ಯಂಗ್ಯ ಎಂದು ಅರ್ಥದ ಮೂರು ಬಗೆ. ಅಲ್ಲಿ ವ್ಯಂಗ್ಯಾರ್ಥವೆಂದರೆ ಧ್ವನಿಸುವ ಅರ್ಥ, ಅದರಲ್ಲಿ ಕುಟುಕು ಇರಲೇಬೇಕೆಂದಿಲ್ಲ. ‘ಈ ಶೋಕಗೀತೆಯ ವ್ಯಂಗ್ಯಾರ್ಥ ಹೃದ್ಯವಾಗಿದೆ’ ಎಂದು ವಿಮರ್ಶಕರು ಬರೆದರೆ ಗಾಬರಿಯಾಗಬೇಡಿ. ‘ರೂಪಕ’ವೂ ಹೀಗೆಯೇ: ಅಲಂಕಾರ, ನಾಟಕ, ತಾಳ, ಬಾನುಲಿ ಕಾರ್ಯಕ್ರಮ ಎಲ್ಲಕ್ಕೂ ಅದೇ ಹೆಸರು.

ನಗೆಯ ಪದಗಳನ್ನು ಕ್ರಿಯಾಪದದ ಜೊತೆಗೇ ಕಲಿಯಿರಿ. ಚಟಾಕಿ ಹಾರಿಸುತ್ತಾರೆ, ಲೇವಡಿ ಮಾಡುತ್ತಾರೆ, ಕೊಂಕು ತೆಗೆಯುತ್ತಾರೆ, ವ್ಯಂಗ್ಯವಾಡುತ್ತಾರೆ. ‘ಚಟಾಕಿ ಮಾಡಿದರು’ ಎಂದರೆ ಅರ್ಥವಾದೀತು, ಕನ್ನಡವೆನಿಸದು. ನುಡಿಗಟ್ಟೂ ಹೀಗೆಯೇ ಬಿಗಿ: ‘ಅಡುಗೆಯಲ್ಲಿ ಎತ್ತಿದ ಕೈ’ ಎನ್ನಬಹುದು, ಕೈ ತೆಗೆದು ಹಸ್ತ ಇಟ್ಟರೆ ಮಾತೇ ಮುರಿಯಿತು.

ಕ್ರಮ ಕೇಳಿದಿರಿ. ಭರತನ ನಾಟ್ಯಶಾಸ್ತ್ರದಲ್ಲಿ ಅಲಂಕಾರಗಳು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. ನಂತರದವರು ನೂರರ ಗಡಿ ಮುಟ್ಟಿಸಿದರು. ಅಕಾರಾದಿ ಪಟ್ಟಿ ಹಿಡಿದು ಉರುಹೊಡೆದರೆ ಹದಿನೈದನೆಯದರ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ, ಏಕೆಂದರೆ ಲಕ್ಷಣಗಳೆಲ್ಲ ಒಂದೇ ಥರ ಕೇಳಿಸುತ್ತವೆ. ವಾರಕ್ಕೆ 4 ಪದ ಸಾಕು, ಅವೂ ನೆರೆಹೊರೆಯ ಜೋಡಿಗಳಾಗಿರಲಿ: ಉಪಮೆ–ರೂಪಕ, ಶ್ಲೇಷೆ–ಯಮಕ, ಅಣಕ–ವಿಡಂಬನೆ, ಗಾದೆ–ನುಡಿಗಟ್ಟು. 12 ವಾರಕ್ಕೆ 48 ಪದ. ವಿಮರ್ಶೆ ಓದಲೂ ಬರೆಯಲೂ ಅಷ್ಟು ಧಾರಾಳ. ಪ್ರತಿ ಪದಕ್ಕೆ ಒಂದು ಚೀಟಿ ಮಾಡಿ. ಚೀಟಿಯ ಮುಂಬದಿಯಲ್ಲಿ ನೀವೇ ಓದುವಾಗ ಸಿಕ್ಕ ವಾಕ್ಯ, ಹಿಂಬದಿಯಲ್ಲಿ ಹೆಸರು, ಮತ್ತು ‘ಇದು ಪಕ್ಕದ್ದು ಏಕಲ್ಲ’ ಎಂಬ ಒಂದು ಸಾಲು. ಆ ಕೊನೆಯ ಸಾಲು ಬರೆಯಲಾಗದಿದ್ದರೆ ಪದ ಇನ್ನೂ ನಿಮ್ಮದಾಗಿಲ್ಲ. ವಾರಾಂತ್ಯದಲ್ಲಿ ಒಂದು ಸಾದಾ ವಾಕ್ಯವನ್ನು ಮೇಲೆ ಭಾಷಣವನ್ನು ತಿರುಗಿಸಿದಂತೆ ನಾಲ್ಕೈದು ಕಟ್ಟುಗಳಲ್ಲಿ ತಿರುಗಿಸಿ ಬರೆಯಿರಿ.

ಈಗ ನಿಮ್ಮ ಕುರ್ಚಿಗಳು. ಆಕಳಿಕೆಗೆ ಸಂಬಂಧವೇ ಇಲ್ಲದ ವಸ್ತುವಿಗೆ ಆಕಳಿಕೆ ಅಂಟಿಸಿ, ನಡೆದೇಬಿಟ್ಟಿತೆಂದು ಹೇಳಿದ್ದೀರಿ, ಕಟ್ಟು ಅತಿಶಯೋಕ್ತಿ. ‘ಕುರ್ಚಿಗಳೂ ಆಕಳಿಸಿದವೋ ಎಂಬಂತೆ’ ಎಂದಿದ್ದರೆ ಉತ್ಪ್ರೇಕ್ಷೆಯ ಕಡೆ ಹೊರಳುತ್ತಿತ್ತು. ಗುರಿ ಒಬ್ಬ ಭಾಷಣಕಾರ, ಆದ್ದರಿಂದ ನಗೆಯ ಪುಟದಲ್ಲಿ ಅದು ಲೇವಡಿ. ಎರಡೂ ಉತ್ತರಗಳನ್ನು ಒಂದೇ ಚೀಟಿಯ ಹಿಂದೆ ಬರೆದುಕೊಳ್ಳಿ. ‘ಕುರ್ಚಿಗಳೂ’ ಎಂಬಲ್ಲಿನ ‘ಊ’ಕಾರಕ್ಕೆ ಅಡಿಗೆರೆ ಹಾಕಿ: ಜನ ಆಗಲೇ ಆಕಳಿಸಿ ಮುಗಿಸಿದ್ದರು ಎಂಬುದನ್ನು ನೀವು ಎಲ್ಲೂ ಬರೆದಿಲ್ಲ, ಆ ಒಂದು ಸ್ವರವೇ ಅದನ್ನು ಧ್ವನಿಸುತ್ತಿದೆ. ಮೀಮಾಂಸಕರು ವ್ಯಂಗ್ಯಾರ್ಥವೆನ್ನುವುದು ಅದನ್ನೇ.