ಕ್ವೀನ್ಸ್‌ಗೆ ಹೊಸದಾಗಿ ಬಂದಿದ್ದೀವಿ, ಸಸ್ಯಾಹಾರಿಗಳು. ಸ್ಲೈಸ್‌ಗೂ ಡೆಲಿವರಿಗೂ ಆಗೋ ಒಂದು ಒಳ್ಳೆ ಪಿಜ್ಜಾ ಅಂಗಡಿನ ಆ್ಯಪ್ ರೇಟಿಂಗ್ ನೋಡಿ ಆರಿಸಬಹುದಾ?

ಆರಿಸಬಹುದು. ನಾನೂ ಹಾಗೇ ಆರಿಸಿದ್ದೆ. ಆಮೇಲೆ ಮಗನ ಹುಟ್ಟುಹಬ್ಬದ ದಿನ, ಮೈಸೂರಿಂದ ಬಂದಿದ್ದ ನಮ್ಮತ್ತೆ ಬರೀ ಚಿಪ್ಸು, ಎಗ್‌ಲೆಸ್ ಕೇಕು ತಿಂದು ಮಲಗಿದರು.

ಪೂರ್ತಿ ಹೇಳ್ತೀನಿ, ಯಾಕಂದ್ರೆ ‘ಸ್ಲೈಸ್‌ಗೂ ಡೆಲಿವರಿಗೂ ಒಂದೇ ಅಂಗಡಿ’ ಅನ್ನೋ ನಿಮ್ಮ ಆಸೆನೇ ನನ್ನನ್ನೂ ಕೆಡಿಸಿದ್ದು.

ಆಗ ನಾವು ಜಾಕ್ಸನ್ ಹೈಟ್ಸ್‌ನಲ್ಲಿದ್ವಿ, ರೂಸ್‌ವೆಲ್ಟ್ ಅವೆನ್ಯೂ ಸ್ಟೇಷನ್ನಿಂದ ನಡೆದು ಹೋಗೋ ದೂರ. ನಮ್ಮ ಬೀದಿಯ ಮೂಲೆಯಲ್ಲೇ ಒಂದು ಸ್ಲೈಸ್ ಅಂಗಡಿ ಇತ್ತು. ಅಲ್ಲಾಡೋ ಕುರ್ಚಿ, ಗೋಡೆ ಮೇಲೆ ಇಟಲಿಯ ಯಾವುದೋ ಊರಿನ ಬಣ್ಣ ಮಾಸಿದ ಫೋಟೋ, ಮೂಲೆಯಲ್ಲಿ ಸದಾ ಫುಟ್‌ಬಾಲ್ ಓಡ್ತಿರೋ ಟೀವಿ. ಆ್ಯಪ್‌ನಲ್ಲಿ ಅದಕ್ಕೆ ಮೂರೂವರೆ ಸ್ಟಾರ್. ದಿನಾ ಆಫೀಸಿಗೆ ಹೋಗ್ತಾ ಬರ್ತಾ ಅದರ ಮುಂದೆಯೇ ದಾಟುತ್ತಿದ್ದೆ, ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಎರಡು ಮೈಲಿ ಆಚೆ ಇನ್ನೊಂದು ಅಂಗಡಿ, ಅದಕ್ಕೆ ನಾಲ್ಕು ಮುಕ್ಕಾಲು ಸ್ಟಾರ್. ರಿವ್ಯೂಗಳನ್ನು ಪರೀಕ್ಷೆಗೆ ಓದೋ ಹಾಗೆ ಕೂತು ಓದಿದೆ. ತಳ ಗರಿಗರಿ, ಮಡಚಿದ್ರೆ ತುದಿ ಬಾಗಲ್ಲ, ಸಾಸ್ ಅದ್ಭುತ ಅಂತ ಪುಟಗಟ್ಟಲೆ ಹೊಗಳಿಕೆ.

ಪಾರ್ಟಿ ಇದ್ದಿದ್ದು ಶನಿವಾರ ಸಂಜೆ, ಬಿಲ್ಡಿಂಗ್‌ನ ಬೇಸ್‌ಮೆಂಟ್ ಹಾಲ್‌ನಲ್ಲಿ. ಫ್ಲಶಿಂಗ್ ಗಣೇಶ ದೇವಸ್ಥಾನದಲ್ಲಿ ಪರಿಚಯ ಆದ ಕನ್ನಡದ ಮನೆಯವರು, ಆಫೀಸಿನ ಕೆಲವರು, ಮಗನ ಕ್ಲಾಸಿನ ಮಕ್ಕಳು. ‘ದೇವಸ್ಥಾನದ ಕ್ಯಾಂಟೀನಿಂದ ಇಡ್ಲಿ ವಡೆ ತರಿಸೋಣ, ದೊಡ್ಡವರಿಗಾದ್ರೂ ಆಗುತ್ತೆ’ ಅಂತ ಹೆಂಡತಿ ಹೇಳಿದ್ಳು. ಮಕ್ಕಳ ಪಾರ್ಟಿ, ಪಿಜ್ಜಾ ಒಂದಿದ್ರೆ ಎಲ್ಲರಿಗೂ ಆಯ್ತು ಅಂತ ನಾನೇ ಹಟ ಹಿಡಿದೆ. ಆಫೀಸಿನವರಿಗೆ ಅಂತ ಮಾಂಸದ ಬಿಲ್ಲೆ ಹಾಕಿದ ಎರಡು ಪೆಪೆರೋನಿ, ಉಳಿದಿದ್ದೆಲ್ಲ ಪ್ಲೇನ್ (ಬರೀ ಸಾಸ್, ಚೀಸ್) ಮತ್ತು ಅಣಬೆ, ಆ್ಯಪ್‌ನಲ್ಲೇ ಆರ್ಡರ್ ಮಾಡಿದೆ.

ಬಂದಿದ್ದು ಒಂದು ಗಂಟೆ ತಡವಾಗಿ. ಪೆಟ್ಟಿಗೆ ತೆಗೆದ್ರೆ ಚೀಸ್ ಎಲ್ಲ ಒಂದು ಕಡೆಗೆ ಜಾರಿ ರಟ್ಟಿಗೆ ಅಂಟಿಕೊಂಡಿದೆ, ತಳ ಒದ್ದೆ. ಮಕ್ಕಳು ಹೇಗೋ ತಿಂದ್ವು. ಪೆಟ್ಟಿಗೆ ಮೇಲೆ ಯಾವುದು ಏನು ಅಂತ ಬರೆದಿರಲಿಲ್ಲ. ಪ್ಲೇನ್ ಅಂತ ಅತ್ತೆ ತಟ್ಟೆಗೆ ಹಾಕಿಕೊಂಡ ತುಂಡಿನ ಅಂಚಿನಲ್ಲಿ, ಚೀಸ್ ಕೆಳಗೆ, ಕೆಂಪಗೆ ಒಂದು ಚೂರು. ‘ಇದು ಟೊಮೇಟೋನೇನಪ್ಪಾ?’ ಅಂತ ಕೇಳಿದ್ರು. ಅಲ್ಲ. ಒಂದೇ ಚಕ್ರದಲ್ಲಿ ಎಲ್ಲವನ್ನೂ ಕತ್ತರಿಸಿದ್ರು, ಪೆಪೆರೋನಿ ಚೂರು ಅಂಟಿಕೊಂಡು ಬಂದಿತ್ತು. ಅತ್ತೆ ಏನೂ ಅನ್ನಲಿಲ್ಲ. ಹೆಂಡತಿ ಮಾತ್ರ ಮನೆಗೆ ಬಂದ ಮೇಲೆ ಅಂದಿದ್ದು ಬಹಳ ಇದೆ, ಬಿಡಿ.

ತಡ ಆಗಿದ್ದು, ಜಾರಿದ್ದು, ಇದೆಲ್ಲ ಡೆಲಿವರಿ ಹುಡುಗನ ತಪ್ಪು ಅಂತ ಎಷ್ಟೋ ದಿನ ಬೈಕೊಂಡು ಓಡಾಡಿದೆ. ಅವನ ತಪ್ಪು ಏನೂ ಇರಲಿಲ್ಲ. ನಾನು ಎಡವಿದ್ದು ಅದಕ್ಕೂ ಒಂದು ವಾರ ಮುಂಚೆ, ರಿವ್ಯೂ ಓದುವಾಗ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಬೇಜಾರಾದ್ರೆ ಕೆಳಗೆ ಜಾರಿ.

ಆ ರಿವ್ಯೂಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಬರೆದವರೆಲ್ಲ ಆ ಅಂಗಡಿಯ ಕೌಂಟರ್ ಮುಂದೆ ನಿಂತು ಸ್ಲೈಸ್ ತಿಂದವರು. ನಾನು ತರಿಸಿದ್ದು ಪೈ, ಅಂದ್ರೆ ಇಡೀ ಪಿಜ್ಜಾ, ಅದೂ ಪೆಟ್ಟಿಗೆಯಲ್ಲಿ. ಹೆಸರು ಒಂದೇ, ಹಿಟ್ಟು ಒಂದೇ, ತಿನಿಸು ಬೇರೆ. ನ್ಯೂಯಾರ್ಕ್‌ನ ಸ್ಲೈಸ್ ಎರಡು ಸಲ ಬೇಯುತ್ತೆ. ಸಾಮಾನ್ಯವಾಗಿ 18 ಇಂಚಿನ ಪೈ ಬೇಯಿಸಿ, ಎಂಟು ತುಂಡು ಮಾಡಿ, ಗಾಜಿನ ಹಿಂದೆ ಇಟ್ಟಿರ್ತಾರೆ. ನೀವು ಕೇಳಿದಾಗ ಒಂದು ತುಂಡನ್ನು ಮತ್ತೆ ಓವನ್ನಿನ ಬಿಸಿ ನೆಲದ ಮೇಲೆ ಒಂದೆರಡು ನಿಮಿಷ ತಳ್ತಾರೆ. ಆರಿದಾಗ ನೀರಿನ ಪಸೆ ಸ್ವಲ್ಪ ಹೋಗಿರುತ್ತೆ, ಎರಡನೇ ಕಾವಿಗೆ ತಳ ಗರಿಗರಿ ಆಗುತ್ತೆ, ಮೇಲಿನ ಚೀಸ್ ಮತ್ತೆ ಕರಗುತ್ತೆ. ಜನ ಕುಣಿದಾಡೋದು ಆ ಎರಡನೇ ಬಿಸಿಗೆ.

ಹಳೇ ಹೆಸರುವಾಸಿ ಅಂಗಡಿಗಳಲ್ಲಿ ಇದು ನಡೆಯಲ್ಲ. 1905ರಿಂದ ಹೆಸರು ಕೇಳಿಬರೋ ಲೊಂಬಾರ್ಡಿಸ್, ಕೋನಿ ಐಲ್ಯಾಂಡ್‌ನ 1924ರ ಟೊಟೊನೋಸ್, 1929ರ ಜಾನ್ಸ್ ಆಫ್ ಬ್ಲೀಕರ್ ಸ್ಟ್ರೀಟ್, ಇವೆಲ್ಲ ಕಲ್ಲಿದ್ದಲ ಓವನ್ನಿನವು. ಆ ಕಾವಿಗೆ ಇಡೀ ಪೈ ಕೆಲವೇ ನಿಮಿಷಕ್ಕೆ ಆಗಿಹೋಗುತ್ತೆ, ಒಂದು ತುಂಡನ್ನು ಮತ್ತೆ ಒಳಗಿಟ್ರೆ ಸುಟ್ಟುಹೋಗುತ್ತೆ. ಜಾನ್ಸ್‌ನಲ್ಲಿ ‘ಸ್ಲೈಸ್ ಇಲ್ಲ’ ಅಂತ ಬೋರ್ಡೇ ಹಾಕಿದ್ದಾರೆ. ಈಸ್ಟ್ ಹಾರ್ಲೆಮ್‌ನ ಪ್ಯಾಟ್ಸೀಸ್ ಇದಕ್ಕೆ ಅಪವಾದ, ಅಲ್ಲಿ ಕಲ್ಲಿದ್ದಲ ಓವನ್ನಿಂದಲೇ ಸ್ಲೈಸ್ ಕೊಡ್ತಾರೆ. ಎರಡನೇ ಮಹಾಯುದ್ಧದ ನಂತರ ಗ್ಯಾಸ್ ಡೆಕ್ ಓವನ್ ಹರಡಿತು. ಅದರ ಕಾವು 500–550 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಕೈಗೆ ಸಿಗೋ ಕಾವು. ಮೂಲೆ ಮೂಲೆಗೆ ಸ್ಲೈಸ್ ಅಂಗಡಿ ಹುಟ್ಟಿದ್ದು ಅದರಿಂದ.

ಡೆಲಿವರಿ ಪೈಗೆ ಆ ಎರಡನೇ ಬಿಸಿ ಇಲ್ಲ. ಓವನ್ನಿಂದ ತೆಗೆದು, ಕತ್ತರಿಸಿ, ಪೆಟ್ಟಿಗೆ ಮುಚ್ತಾರೆ. ಅದರ ಹಬೆ ಅದರ ತಳಕ್ಕೇ ಇಳಿಯುತ್ತೆ. ವಿದ್ಯಾರ್ಥಿ ಭವನದಲ್ಲಿ ಕೂತು ದೋಸೆ ತಿಂದವರ ಹೊಗಳಿಕೆ ಓದಿ, ಅದನ್ನೇ ಪಾರ್ಸಲ್ ಕಟ್ಟಿಸಿ ವೈಟ್‌ಫೀಲ್ಡ್‌ಗೆ ತರಿಸಿದ ಹಾಗೆ ನಾನು ಮಾಡಿದ್ದು. ಪೆಟ್ಟಿಗೆ ನಡುವೆ ಮೂರು ಕಾಲಿನ ಬಿಳಿ ಪ್ಲಾಸ್ಟಿಕ್ ಮೇಜು ಇರುತ್ತಲ್ಲ, 1985ರಲ್ಲಿ ಕಾರ್ಮೆಲಾ ವಿಟಾಲೆ ಅಂತ ನ್ಯೂಯಾರ್ಕ್ ರಾಜ್ಯದವರೇ ಒಬ್ಬರು ಅದಕ್ಕೆ ಪೇಟೆಂಟ್ ಪಡೆದ್ರು. ಮೇಲಿನ ರಟ್ಟು ಕುಸಿದು ಚೀಸ್‌ಗೆ ಅಂಟೋದನ್ನು ಅದು ತಡೆಯುತ್ತೆ, ಹಬೆಯನ್ನು ತಡೆಯಲ್ಲ. ನನ್ನ ಪೆಟ್ಟಿಗೆಗಳಲ್ಲಿ ಅದೂ ಇರಲಿಲ್ಲ.

ಇನ್ನೂ ಒಂದಿದೆ. ಶನಿವಾರ ಸಂಜೆ ಆರೂವರೆಗೆ ಒಳ್ಳೆ ಸ್ಲೈಸ್ ಅಂಗಡಿಯ ಓವನ್ ಎದುರಿಗೆ ನಿಂತ ಗಿರಾಕಿಗಳಿಗೇ ಸಾಲದು. ಆ್ಯಪ್‌ನಲ್ಲಿ ಬಂದ ದೊಡ್ಡ ಆರ್ಡರ್ ಓವನ್ ತಲೆ ಮೇಲೆ ಕಾಯ್ತಾ ಕೂರುತ್ತೆ. ಆಮೇಲೆ ಡೆಲಿವರಿಯವನು ಇನ್ಯಾರದ್ದೋ ಆರ್ಡರ್ ಜೊತೆ ಸೇರಿಸಿ ತರ್ತಾನೆ. ಅಂಗಡಿಗೆ ಹೆಸರು ಹೆಚ್ಚಿದಷ್ಟೂ ದೂರದ ಆರ್ಡರಿಗೆ ಕಷ್ಟ ಹೆಚ್ಚು.

ಈಗ ಮೂಲೆ ಅಂಗಡಿಗೆ ಬರ್ತೀನಿ. ಒಂದು ದಿನ ಸ್ಕೂಲ್ ಬಿಟ್ಟ ಮೇಲೆ ಮಗ ಹಸಿವು ಅಂತ ಅತ್ತಿದ್ದಕ್ಕೆ ಹೆಂಡತಿ ಅಲ್ಲಿಗೆ ಕರೆದುಕೊಂಡು ಹೋಗಿದ್ಳು. ರಾತ್ರಿ ನಾನು ಬಂದಾಗ ‘ಇಷ್ಟು ದಿನ ಇದನ್ನು ಬಿಟ್ಟು ಎಲ್ಲೆಲ್ಲೋ ಹುಡುಕಿದ್ರಲ್ಲ’ ಅಂದ್ಳು. ಮಾರನೇ ದಿನ ಹೋದೆ. ಪ್ಲೇನ್ ಸ್ಲೈಸ್ ಕೇಳಿದ್ರೆ ಓವನ್ ಮುಂದಿದ್ದವನು ಗಾಜಿನ ಹಿಂದಿದ್ದ ಕೊನೇ ತುಂಡು ಕೊಡದೆ, ‘ನಿಲ್ಲಿ, ಹೊಸದು ಬರ್ತಿದೆ’ ಅಂದ. ಅಷ್ಟು ಸಾಕಾಯ್ತು. ಮನೆಗೆ ಬಂದು ಅದರ ಮೂರೂವರೆ ಸ್ಟಾರ್‌ನ ರಿವ್ಯೂಗಳನ್ನು ಮೊದಲ ಸಲ ಓದಿದೆ. ಬೈದವರಲ್ಲಿ ಬಹುಪಾಲು ಡೆಲಿವರಿಯವರು: ತಡ ಆಯ್ತು, ಸೋಡಾ ಬರಲಿಲ್ಲ, ಫೋನ್ ಎತ್ತಲ್ಲ. ಪಿಜ್ಜಾ ಬಗ್ಗೆ ಮಾತೇ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ‘ಒಳ್ಳೆ ಪಿಜ್ಜಾ’ ಹುಡುಕಬೇಡಿ. ಮನೆಯಿಂದ ಹತ್ತು ನಿಮಿಷ ನಡೆಯೋಷ್ಟರಲ್ಲಿ ಇರೋ ಅಂಗಡಿಗಳಲ್ಲಿ ಯಾವುದು ಪರವಾಗಿಲ್ಲ ಅಂತ ನೋಡಿ. ಬ್ರೂಕ್ಲಿನ್‌ನ ಮಿಡ್‌ವುಡ್‌ನಲ್ಲಿ ಡಿ ಫಾರಾ ಇದೆ. 1965ರಿಂದ ಅದನ್ನು ನಡೆಸಿದ ಡೊಮೆನಿಕೊ ಡಿಮಾರ್ಕೊ ಕತ್ತರಿಯಲ್ಲಿ ತುಳಸಿ ಜಾತಿಯ ಬೇಸಿಲ್ ಎಲೆ ಕತ್ತರಿಸಿ ಉದುರಿಸ್ತಿದ್ರು, 2022ರಲ್ಲಿ ತೀರಿಕೊಂಡ್ರು. ಒಂದು ರಜಾದಿನ ಹೋಗಿ ಬನ್ನಿ, ಖಂಡಿತ. ಆದರೆ ಮಂಗಳವಾರ ರಾತ್ರಿ ಅಡುಗೆ ಮಾಡೋಕೆ ಬೇಜಾರಾದಾಗ ಅದು ನಿಮಗೆ ಕೆಲಸಕ್ಕೆ ಬರಲ್ಲ.

ಹತ್ತಿರದ ಅಂಗಡಿ ಪರೀಕ್ಷೆ ಮಾಡೋದು ಸುಲಭ. ಮೊದಲ ಸಲ ಪ್ಲೇನ್ ಸ್ಲೈಸ್ ಬಿಟ್ಟು ಬೇರೇನೂ ಕೇಳಬೇಡಿ, ಮೇಲೆ ತರಕಾರಿ ಸುರಿದ್ರೆ ಯಾವ ತಪ್ಪೂ ಮುಚ್ಚಿಹೋಗುತ್ತೆ. ಗಾಜಿನ ಹಿಂದೆ ಇಪ್ಪತ್ತು ಬಗೆ ಇದ್ರೆ ನನಗೆ ಅನುಮಾನ, ಪಾಸ್ತಾ ಹಾಕಿದ ಪಿಜ್ಜಾ ಬೆಳಿಗ್ಗೆಯಿಂದ ಅಲ್ಲೇ ಕೂತಿರುತ್ತೆ. ಪ್ಲೇನ್ ಪೈ ಎಷ್ಟು ಬೇಗ ಖಾಲಿ ಆಗುತ್ತೆ ಅನ್ನೋದೇ ಮುಖ್ಯ. ಸ್ಕೂಲ್ ಪಕ್ಕದ ಅಂಗಡಿಗೆ ಮೂರು ಗಂಟೆ ಸುಮಾರಿಗೆ ಹೋಗಿ, ಮಕ್ಕಳು ಒಂದರ ಹಿಂದೆ ಒಂದು ಪೈ ಮುಗಿಸ್ತಿರ್ತಾರೆ. ಸಿಕ್ಕ ತುಂಡನ್ನು ಎತ್ತಿ ತಳ ನೋಡಿ: ಕಂದು ಚುಕ್ಕೆ ಇರಬೇಕು, ಬಿಳಿಚಿಕೊಂಡಿದ್ರೆ ಓವನ್ ಕಾದಿಲ್ಲ ಅಥವಾ ಅವಸರ. ಮಡಚಿ ಹಿಡಿದಾಗ ತುದಿಯಿಂದ ಒಂದೆರಡು ಹನಿ ಕಿತ್ತಳೆ ಬಣ್ಣದ ಎಣ್ಣೆ ಬಿದ್ರೆ ಹೆದರಬೇಡಿ, ನೀರು ಬಿದ್ರೆ ಹೆದರಿ. ಓವನ್ನಿಂದ ಆಗ ತಾನೇ ಬಂದ ಪೈ ಆದ್ರೆ ಮತ್ತೆ ಬಿಸಿ ಬೇಡ ಅನ್ನಿ. ನಿಂತಿರೋ ಪೈ ಆದ್ರೆ ಚೆನ್ನಾಗಿ ಬಿಸಿ ಮಾಡಿ ಅಂತ ಬಾಯಿ ಬಿಟ್ಟು ಕೇಳಿ, ಸುಮ್ಮನಿದ್ರೆ ಬೆಚ್ಚಗೆ ಮಾಡಿ ಕೈಗಿಡ್ತಾರೆ.

ಬೆಲೆ ನೋಡಿ ಆರಿಸಬೇಡಿ. ಸ್ಲೈಸ್ ಬೆಲೆಯೂ ಸಬ್‌ವೇ ಟಿಕೆಟ್ ಬೆಲೆಯೂ ಜೊತೆಜೊತೆಗೇ ಏರುತ್ತೆ ಅಂತ 1980ರಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದಿತ್ತು, ಈಗ ಎಷ್ಟೋ ಕಡೆ ಸ್ಲೈಸೇ ಮುಂದೆ ಓಡಿದೆ. ಅಗ್ಗದ ಸ್ಲೈಸ್ ಹೊಟ್ಟೆ ತುಂಬಿಸುತ್ತೆ, ಅದಕ್ಕಿಂತ ಹೆಚ್ಚು ಅದರಿಂದ ಕೇಳಬೇಡಿ.

ನೀವು ಸಸ್ಯಾಹಾರಿ ಅಂದ್ರಿ, ಯಾವ ಮಟ್ಟದ್ದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಿಕೊಳ್ಳಿ. ಮೇಲೆ ಉದುರಿಸೋ ಪೆಕೊರಿನೊ ರೊಮಾನೊ, ಪಾರ್ಮಿಜಾನೊ ಚೀಸ್ ಎರಡಕ್ಕೂ ಇಟಲಿಯ ನಿಯಮದ ಪ್ರಕಾರ ಹಾಲು ಒಡೆಸೋಕೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ಒಂದಕ್ಕೆ ಕುರಿಮರಿಯದು, ಇನ್ನೊಂದಕ್ಕೆ ಕರುವಿನದು. ಚೌಕದ ಗ್ರಾಂಡ್‌ಮಾ ಪಿಜ್ಜಾ ಮೇಲೆ ಇದು ಬಹಳ ಸಲ ಬೀಳುತ್ತೆ. ಬೇಡ ಅಂದ್ರೆ ಬಿಡ್ತಾರೆ. ಮೊಜರೆಲ್ಲಾಗೆ ಯಾವ ರೆನೆಟ್ ಅನ್ನೋದು ಬ್ರ್ಯಾಂಡ್ ಮೇಲೆ ಹೋಗುತ್ತೆ, ಅಂಗಡಿಯವರ ಹತ್ರ ಡಬ್ಬ ತೋರಿಸಿ ಅಂತ ಕೇಳಿದ್ದೀನಿ, ಯಾರೂ ಬೇಜಾರು ಮಾಡಿಕೊಂಡಿಲ್ಲ. ವೋಡ್ಕಾ ಸಾಸ್‌ನಲ್ಲಿ ಕೆಲವು ಕಡೆ ಹಂದಿಮಾಂಸದ ಪ್ಯಾನ್ಚೆಟ್ಟಾ ಇರುತ್ತೆ, ಕೇಳದೆ ತಗೋಬೇಡಿ. ಕತ್ತರಿಸೋ ಚಕ್ರ ಒರೆಸಿ ಅಂತ ಮಾತ್ರ ಪ್ರತಿ ಸಲ ಹೇಳಿ. ಮುಖ ನೋಡಿ ಹೇಳಿದ್ರೆ ಮಾಡ್ತಾರೆ, ಆ್ಯಪ್‌ನ ‘ಸೂಚನೆ’ ಡಬ್ಬಿಯಲ್ಲಿ ಬರೆದಿದ್ದನ್ನು ಓದೋರು ಕಡಿಮೆ. ನಾನೂ ಬರೆದಿದ್ದೆ.

ಡೆಲಿವರಿ ಬೇಕೇ ಬೇಕು ಅಂದ್ರೆ ತೆಳು ದುಂಡು ಪೈ ಬಿಟ್ಟು ಚೌಕದ್ದು ತರಿಸಿ, ಸಿಸಿಲಿಯನ್ನೋ ಗ್ರಾಂಡ್‌ಮಾನೋ. ಎಣ್ಣೆ ಸವರಿದ ತಟ್ಟೆಯಲ್ಲಿ ಬೇಯೋದರಿಂದ ತಳ ಹುರಿದ ಹಾಗಿರುತ್ತೆ, ಹಬೆಯನ್ನು ತಡೆದುಕೊಳ್ಳುತ್ತೆ. ದೂರದಿಂದ ನೇಪಲ್ಸ್ ಶೈಲಿಯದು ತರಿಸೋದು ದುಡ್ಡು ಚೆಲ್ಲೋ ಕೆಲಸ: ಒಂದೂವರೆ ನಿಮಿಷದಲ್ಲಿ ಬೇಯುತ್ತೆ, ಹಸಿ ಮೊಜರೆಲ್ಲಾ ನೀರು ಬಿಡುತ್ತೆ, ಮನೆಗೆ ಬರೋಷ್ಟರಲ್ಲಿ ನಡುವೆ ಮೆತ್ತಗಾಗಿರುತ್ತೆ. ಆ್ಯಪ್ ಬಿಟ್ಟು ಅಂಗಡಿಗೇ ಫೋನ್ ಮಾಡಿ. ಆ್ಯಪ್‌ನಲ್ಲಿ ಬೆಲೆ ಬಹಳ ಸಲ ಜಾಸ್ತಿ ಹಾಕಿರ್ತಾರೆ, ಕಮಿಷನ್ ಭಾರಕ್ಕೆ. 2020ರಲ್ಲಿ ನಗರದ ಕೌನ್ಸಿಲ್ ಅದಕ್ಕೆ ಮಿತಿ ಹಾಕಬೇಕಾಗಿ ಬಂದಿತ್ತು. ಕೇಳರಿಯದ ಅಂಗಡಿ ಹೆಸರು ಕಂಡ್ರೆ ವಿಳಾಸ ಮ್ಯಾಪ್‌ನಲ್ಲಿ ಹಾಕಿ ನೋಡಿ. ಅದೇ 2020ರಲ್ಲಿ ಪಾಸ್ಕ್ವಾಲೀಸ್ ಅನ್ನೋ ಹೆಸರಿನಲ್ಲಿ ಪಿಜ್ಜಾ ತರಿಸಿದವರಿಗೆ ಆಮೇಲೆ ಗೊತ್ತಾಗಿದ್ದು, ಅದು ಮಕ್ಕಳ ಆಟದ ಪಿಜ್ಜಾ ಚೈನ್ ಚಕ್ ಇ. ಚೀಸ್ ಅಡುಗೆಮನೆಯಿಂದ ಬರ್ತಿದೆ ಅಂತ.

ನನ್ನನ್ನು ಕೇಳಿದ್ರೆ ಅದಕ್ಕಿಂತ, ನಡೆದು ಹೋಗಿ ಪೈ ತಂದು, ಪೆಟ್ಟಿಗೆ ಮುಚ್ಚಳ ಅರ್ಧ ತೆರೆದಿಟ್ಟುಕೊಂಡು ಬನ್ನಿ. ಮನೆಯಲ್ಲಿ ದೋಸೆ ಕಾವಲಿ ಇದೆಯಲ್ಲ, ಕಬ್ಬಿಣದ್ದು? ಎಣ್ಣೆ ಹಾಕದೆ ನಡುಗಾವಿನಲ್ಲಿ ಕಾಯಿಸಿ, ತುಂಡನ್ನು ಇಟ್ಟು ತಳ ಗಟ್ಟಿಯಾಗೋವರೆಗೆ ಬಿಡಿ. ಆಮೇಲೆ ಕಾವಲಿಯ ಖಾಲಿ ಜಾಗಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ ತಕ್ಷಣ ತಟ್ಟೆ ಮುಚ್ಚಿ, ಅರ್ಧ ನಿಮಿಷಕ್ಕೆ ಚೀಸ್ ಕರಗುತ್ತೆ. ಅಂಗಡಿಯ ಎರಡನೇ ಬಿಸಿ ಹೀಗೆ ಮನೆಯಲ್ಲೇ ಸಿಗುತ್ತೆ. ಮೈಕ್ರೋವೇವ್ ಕಡೆ ತಲೆ ಹಾಕಬೇಡಿ. ಮೊನ್ನೆ ಅತ್ತೆ ಮತ್ತೆ ಬಂದಿದ್ದಾಗ ಹೀಗೆ ಮಾಡಿಕೊಟ್ಟೆ, ಮೇಲೆ ಚಟ್ನಿಪುಡಿ ಉದುರಿಸಿಕೊಂಡು ಎರಡು ತಿಂದ್ರು. ಇಟಲಿಯವರು ಕ್ಷಮಿಸಲಿ.

ಕ್ವೀನ್ಸ್‌ನಲ್ಲಿ ಯಾವ ಕಡೆ ಮನೆ ಅಂತ ನೀವು ಬರೆದಿಲ್ಲ. ಹೋವರ್ಡ್ ಬೀಚ್ ಹತ್ತಿರ ಆದ್ರೆ 1956ರಿಂದ ಇರೋ ನ್ಯೂ ಪಾರ್ಕ್‌ನಲ್ಲಿ ಪ್ಲೇನ್ ಸ್ಲೈಸ್, ‘ವೆಲ್ ಡನ್’ ಅಂತ ಹೇಳಿ ತಗೊಳ್ಳಿ. ಕ್ಯೂ ಗಾರ್ಡನ್ಸ್ ಆದ್ರೆ ಡ್ಯಾನೀಸ್, ಸಾಸ್ ಸಿಹಿ ಇರುತ್ತೆ, ನಮ್ಮ ಬೆಂಗಳೂರು ಕಡೆ ನಾಲಿಗೆಗೆ ಹಿಡಿಸುತ್ತೆ. ಬೇರೆ ಕಡೆ ಆದ್ರೆ ಹತ್ತಿರದ ಸಬ್‌ವೇ ಸ್ಟೇಷನ್ ಯಾವುದು ಅಂತ ಹಾಕಿ, ಗೊತ್ತಿದ್ರೆ ಹೇಳ್ತೀನಿ.