ಉಪಗ್ರಹ ಚಿತ್ರದ ತಾಪಮಾನ: ಎಂಟು ಡಿಗ್ರಿ ಎಲ್ಲಿಂದ ಬಂತು?

ಪ್ರಶ್ನೆ: ಮಾನ್ಯರೇ, ಸೋಮವಾರಪೇಟೆ ಬಳಿಯ ನಮ್ಮ ಮೂರು ಎಕರೆ ಕಾಫಿ ತೋಟದ ತಾಪಮಾನವನ್ನು ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಜನವರಿ ತಿಂಗಳ ಚಿತ್ರದಿಂದ, ಉಷ್ಣ ವಿಕಿರಣ ಅಳೆಯುವ ಬ್ಯಾಂಡ್ 10 ಬಳಸಿ ಲೆಕ್ಕ ಹಾಕಿದೆ. ತೋಟದ ಪಿಕ್ಸೆಲ್‌ನ ಮೂಲಸಂಖ್ಯೆ (ಕಡತದಲ್ಲಿರುವ ಕಚ್ಚಾ ಅಂಕ) 26,631, ಉತ್ತರ 30.5 ಡಿಗ್ರಿ ಸೆಲ್ಸಿಯಸ್. ಆದರೆ ಆ ಹೊತ್ತಿಗೆ ಮರದ ನೆರಳಿನಲ್ಲಿದ್ದ ಥರ್ಮಾಮೀಟರ್ 23 ತೋರಿಸುತ್ತಿತ್ತು. ಚಿತ್ರದ ಅಂಚಿನಲ್ಲಿ ಮೈನಸ್ 72 ಬರುತ್ತದೆ. ಉತ್ಸರ್ಜಕತೆಯ (ಮೇಲ್ಮೈ ಎಷ್ಟು ಚೆನ್ನಾಗಿ ಉಷ್ಣ ಹೊರಸೂಸುತ್ತದೆ ಎಂಬುದರ) ತಿದ್ದುಪಡಿ ಮಾಡಿದರೆ ಇಡೀ ಚಿತ್ರವೇ ಮೈನಸ್ 273ರ ಆಸುಪಾಸಿಗೆ ಇಳಿಯುತ್ತದೆ. ನಾನು ಬರೆದ ಸೂತ್ರ: ಕೆ2 / ಎಲ್‌ಎನ್(ಕೆ1 / (ವಿಕಿರಣತೆ + 1)) – 273.15. ಇದರಲ್ಲಿ ಕೆ1, ಕೆ2 ಈ ಬ್ಯಾಂಡಿನ ಸ್ಥಿರಾಂಕಗಳು, ವಿಕಿರಣತೆ ಎಂದರೆ ಸಂವೇದಕಕ್ಕೆ ತಲುಪಿದ ಉಷ್ಣ ವಿಕಿರಣದ ಪ್ರಮಾಣ, ಎಲ್‌ಎನ್ ಎಂದರೆ ಸ್ವಾಭಾವಿಕ ಲಾಗರಿದಮ್. ತಪ್ಪೆಲ್ಲಿದೆ?

ಉತ್ತರ: ಮೈನಸ್ 273 ನಿಮ್ಮನ್ನು ಹೆಚ್ಚು ಗಾಬರಿಗೊಳಿಸಿರಬಹುದು, ಆದರೆ ನಿಜವಾಗಿ ಅಪಾಯಕಾರಿಯಾದದ್ದು ಆ 30.5. ಕೊಡಗಿನ ಬಿಸಿಲಿಗೆ ಅದು ನಂಬುವಂತೆಯೇ ಇರುವುದರಿಂದ, ಪಕ್ಕದಲ್ಲಿ ಥರ್ಮಾಮೀಟರ್ ಇಲ್ಲದವರು ಅದನ್ನೇ ವರದಿಯಲ್ಲಿ ಬರೆದುಬಿಡುತ್ತಾರೆ.

ತಪ್ಪು ಒಳಗಿನ ಆವರಣದಲ್ಲಿದೆ. ಕೆ1 ಅನ್ನು ವಿಕಿರಣತೆಯಿಂದ ಭಾಗಿಸಿದ ಬಳಿಕ 1 ಕೂಡಿಸಬೇಕು. ನೀವು ಮೊದಲೇ ಕೂಡಿಸಿದ್ದೀರಿ. ಮೂಲಸಂಖ್ಯೆಯನ್ನು 0.0003342ರಿಂದ ಗುಣಿಸಿ 0.1 ಸೇರಿಸಿದರೆ ವಿಕಿರಣತೆ 9.0. ಕೆ1 774.8853, ಭಾಗಿಸಿ 1 ಸೇರಿಸಿದರೆ 87.1, ಅದರ ಸ್ವಾಭಾವಿಕ ಲಾಗರಿದಮ್ 4.467. ಕೆ2 ಆದ 1321.0789 ಅನ್ನು ಇದರಿಂದ ಭಾಗಿಸಿದರೆ 295.7 ಕೆಲ್ವಿನ್, ಅಂದರೆ 22.6 ಡಿಗ್ರಿ. ನಿಮ್ಮ ಆವರಣದಂತೆ ಮಾಡಿದರೆ 774.8853 ಅನ್ನು 10ರಿಂದ ಭಾಗಿಸಿದಂತಾಗಿ ಸರಿಯಾಗಿ 30.5 ಬರುತ್ತದೆ. ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವವರು ಎಲ್‌ಎನ್ ಬದಲು ಲಾಗ್ ಎಂದು ಬರೆದರೆ ಹತ್ತರ ಆಧಾರದ ಲಾಗರಿದಮ್ ಸಿಕ್ಕಿ ತೋಟ 400 ಡಿಗ್ರಿ ದಾಟುತ್ತದೆ. ಅಂಥ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ.

ಅಂಚಿನ ಮೈನಸ್ 72 ಸೂತ್ರದ ದೋಷವಲ್ಲ. ಅಲ್ಲಿ ದತ್ತಾಂಶವೇ ಇಲ್ಲ, ಮೂಲಸಂಖ್ಯೆ ಸೊನ್ನೆ. ಸೊನ್ನೆಯನ್ನು ಮೊದಲೇ ‘ನೋ ಡೇಟಾ’ ಎಂದು ಗುರುತಿಸಿ. ಇಲ್ಲವಾದರೆ ಸರಾಸರಿಯೂ ಕೆಡುತ್ತದೆ.

ಇನ್ನು ಮೈನಸ್ 273. ತಿದ್ದುಪಡಿ ಸೂತ್ರದಲ್ಲಿ, ಅಂದರೆ ತಾಪಮಾನ / (1 + (ತರಂಗಾಂತರ × ತಾಪಮಾನ / ಸ್ಥಿರಾಂಕ) × ಎಲ್‌ಎನ್(ಉತ್ಸರ್ಜಕತೆ)) ಎಂಬುದರಲ್ಲಿ, ತರಂಗಾಂತರವನ್ನು 10.895 ಮೈಕ್ರೋಮೀಟರ್ ಎಂದು ಕೊಟ್ಟು, ಸ್ಥಿರಾಂಕವನ್ನು ಮೀಟರ್ ಲೆಕ್ಕದ 0.014388 ಎಂದೇ ಉಳಿಸಿಕೊಂಡಿರುವಂತೆ ಕಾಣುತ್ತದೆ. ಹಾಗಾದಾಗ ಛೇದ ಸಾವಿರಗಳಿಗೆ ಹಾರಿ ಉತ್ತರ ಸೊನ್ನೆ ಕೆಲ್ವಿನ್ ಹತ್ತಿರ ಬಂದು ನಿಲ್ಲುತ್ತದೆ. ಮೈಕ್ರೋಮೀಟರ್ ಬಳಸುವುದಾದರೆ ಸ್ಥಿರಾಂಕ 14,388 ಆಗಬೇಕು. ತಿದ್ದುಪಡಿ ಮುಗಿಯುವವರೆಗೂ ತಾಪಮಾನ ಕೆಲ್ವಿನ್‌ನಲ್ಲೇ ಇರಲಿ, 273.15 ಕಳೆಯುವುದು ಕೊನೆಗೆ. ಉತ್ಸರ್ಜಕತೆ 0.99 ಎಂದಿಟ್ಟುಕೊಂಡರೆ ನಿಮ್ಮ ಪಿಕ್ಸೆಲ್ ಏರುವುದು ಸುಮಾರು 0.7 ಡಿಗ್ರಿ ಮಾತ್ರ. ತಿದ್ದುಪಡಿಯಿಂದ ಹತ್ತಾರು ಡಿಗ್ರಿ ಬದಲಾದರೆ ಸೂತ್ರವನ್ನು ಮತ್ತೆ ನೋಡಿ.

ಹೊಸ ಉತ್ತರ ಥರ್ಮಾಮೀಟರಿಗೆ ಹತ್ತಿರವಾಯಿತೆಂದು ಅದನ್ನೇ ಪುರಾವೆಯಾಗಿ ಹಿಡಿಯಬೇಡಿ. ನಿಮ್ಮ ಉಪಕರಣ ಅಳೆದದ್ದು ನೆರಳಿನ ಗಾಳಿಯನ್ನು. ಉಪಗ್ರಹ ಕಂಡದ್ದು ಸಿಲ್ವರ್ ಓಕ್ ಮತ್ತಿತರ ನೆರಳು ಮರಗಳ ನೆತ್ತಿಯನ್ನು. ಉಷ್ಣ ಸಂವೇದಕದ ಒಂದು ಪಿಕ್ಸೆಲ್ ನಿಜಕ್ಕೂ 100 ಮೀಟರ್ ಅಗಲ, ಅಂದರೆ ಸುಮಾರು ಎರಡೂವರೆ ಎಕರೆ. ಕಡತದಲ್ಲಿ ಅದನ್ನು 30 ಮೀಟರಿಗೆ ಮರುಹೊಂದಿಸಿ ಕೊಟ್ಟಿರುತ್ತಾರಷ್ಟೆ. ಹಾಗಾಗಿ ಮೂರು ಎಕರೆಯ ತೋಟದ ಅಂಕದಲ್ಲಿ ಪಕ್ಕದ ಗದ್ದೆಯ ಬಿಸಿಯೂ ಬೆರೆತಿರುತ್ತದೆ. ಪರೀಕ್ಷಿಸಲು ಹಾರಂಗಿ ಜಲಾಶಯದ ನಡುವಿನ ಪಿಕ್ಸೆಲ್ ಮೇಲು. ಜತೆಗೆ, ಅದೇ ದಿನದ ಕಲೆಕ್ಷನ್ 2, ಲೆವೆಲ್ 2 ಎಂಬ, ತಿದ್ದುಪಡಿ ಮಾಡಿ ಸಿದ್ಧವಾಗಿ ಸಿಗುವ ಮೇಲ್ಮೈ ತಾಪಮಾನದ ಕಡತವನ್ನು ಇಳಿಸಿಕೊಂಡು, ಅದರ ಅಂಕವನ್ನು 0.00341802ರಿಂದ ಗುಣಿಸಿ 149 ಸೇರಿಸಿ. ಸಿಗುವ ಕೆಲ್ವಿನ್ ಮೌಲ್ಯವನ್ನು ನಿಮ್ಮ ಉತ್ತರದ ಪಕ್ಕದಲ್ಲಿಟ್ಟು ನೋಡಿ.