ಅನುದಾನ ಬಂದ ಹಳ್ಳಿಗೆ ಅಧಿಕಾರವೂ ಬಂತೇ?

ಪ್ರಶ್ನೆ: ಅಫ್ಗಾನಿಸ್ತಾನದ ಹಳ್ಳಿಗಳ ಆಡಳಿತ ಸುಧಾರಣೆಗೆಂದು ಎರಡು ದಶಕಗಳ ಕಾಲ ವಿದೇಶಗಳಿಂದ ಅಪಾರ ಹಣ ಹರಿದುಬಂತು. ಆದರೂ 2021ರ ಆಗಸ್ಟ್‌ನಲ್ಲಿ ಸರ್ಕಾರವೇ ಕುಸಿಯಿತು. ಹಾಗಾದರೆ ಸಂಘರ್ಷಪೀಡಿತ ಜಿಲ್ಲೆಗಳಲ್ಲಿ ಸ್ಥಳೀಯ ಆಡಳಿತವನ್ನು ಬಲಪಡಿಸುವ ಪ್ರಯತ್ನ ವ್ಯರ್ಥವೇ?
– ನಿವೃತ್ತ ಗ್ರಾಮ ಪಂಚಾಯಿತಿ ಕಾರ್ಯದರ್ಶಿ, ಶಿವಮೊಗ್ಗ ಜಿಲ್ಲೆ

ಉತ್ತರ: ವ್ಯರ್ಥವೆಂದು ಹೇಳಲಾರೆ. ಅಲ್ಲಿನ ಗ್ರಾಮೀಣಾಭಿವೃದ್ಧಿ ಸಚಿವಾಲಯವು ವಿಶ್ವಬ್ಯಾಂಕ್ ಮತ್ತಿತರರ ನೆರವಿನಿಂದ 2003ರಲ್ಲಿ ಆರಂಭಿಸಿದ ರಾಷ್ಟ್ರೀಯ ಐಕಮತ್ಯ ಕಾರ್ಯಕ್ರಮದ ಪ್ರಕಾರ, ಪ್ರತಿ ಹಳ್ಳಿಯೂ ಗಂಡಸರು, ಹೆಂಗಸರು ಇಬ್ಬರೂ ಇರುವ ಅಭಿವೃದ್ಧಿ ಮಂಡಳಿಯನ್ನು ಗುಪ್ತ ಮತದಾನದಿಂದ ಆರಿಸಿಕೊಳ್ಳಬೇಕಿತ್ತು. ಮಂಡಳಿಗೆ ಕುಟುಂಬಕ್ಕೆ 200 ಡಾಲರ್‌ನಂತೆ, ಹಳ್ಳಿಯೊಂದಕ್ಕೆ ಗರಿಷ್ಠ 60,000 ಡಾಲರ್ ಅನುದಾನ ಸಿಗುತ್ತಿತ್ತು. ಅದನ್ನು ಯಾವ ಕಾಮಗಾರಿಗೆ ಬಳಸಬೇಕೆಂಬುದನ್ನು ಹಳ್ಳಿಯವರೇ ತೀರ್ಮಾನಿಸುತ್ತಿದ್ದರು.

ಇದರ ಫಲವನ್ನು 10 ಜಿಲ್ಲೆಗಳ 500 ಹಳ್ಳಿಗಳಲ್ಲಿ, ಅರ್ಧದಷ್ಟನ್ನು ಲಾಟರಿಯಿಂದ ಕಾರ್ಯಕ್ರಮಕ್ಕೆ ಆರಿಸಿ, ಉಳಿದವುಗಳೊಂದಿಗೆ ಹೋಲಿಸಿ, ಸಂಶೋಧಕರು ಅಳೆದು ನೋಡಿದರು. ಕುಡಿಯುವ ನೀರು ಮತ್ತು ವಿದ್ಯುತ್ ಸೌಲಭ್ಯ ಸುಧಾರಿಸಿದ್ದವು. ಊರಿನ ವ್ಯವಹಾರದಲ್ಲಿ ಹೆಂಗಸರ ಪಾಲ್ಗೊಳ್ಳುವಿಕೆಯನ್ನು ಒಪ್ಪುವವರು ಹೆಚ್ಚಿದ್ದರು. ಕಾಮಗಾರಿ ನಡೆಯುತ್ತಿದ್ದಾಗ ಸರ್ಕಾರದ ಬಗ್ಗೆ ಮೂಡಿದ್ದ ಒಳ್ಳೆಯ ಅಭಿಪ್ರಾಯ ಮಾತ್ರ ಅನುದಾನ ಮುಗಿದ ಮೇಲೆ ಬಹುಮಟ್ಟಿಗೆ ಮಾಸಿಹೋಯಿತು. ಪಾಕಿಸ್ತಾನದ ಗಡಿಗೆ ಹತ್ತಿರದ ಪೂರ್ವದ ಜಿಲ್ಲೆಗಳಲ್ಲಿ ಆ ತಾತ್ಕಾಲಿಕ ಲಾಭವೂ ಕಾಣಲಿಲ್ಲ.

ಪಂಚಾಯಿತಿಯಲ್ಲಿ ದುಡಿದ ನಿಮಗೆ ಹೆಚ್ಚು ಅರ್ಥವಾಗುವ ಭಾಗವೆಂದರೆ ಅದೇ ಹಳ್ಳಿಗಳಲ್ಲಿ ನಡೆದ ನೆರವಿನ ಗೋಧಿಯ ಹಂಚಿಕೆ. ಚುನಾಯಿತ ಮಂಡಳಿಯೇ ಹಂಚಬೇಕೆಂದು ಸ್ಪಷ್ಟವಾಗಿ ಹೇಳಿದ್ದ ಕಡೆ ಗೋಧಿ ಹೆಚ್ಚಾಗಿ ಅರ್ಹರಿಗೇ ತಲುಪಿತು. ಯಾರು ಹಂಚಬೇಕೆಂಬುದನ್ನು ನಿಗದಿಪಡಿಸದೆ ಬಿಟ್ಟ ಕಡೆ, ಮಂಡಳಿಯೇ ಇಲ್ಲದ ಹಳ್ಳಿಗಳಿಗಿಂತ ಮಂಡಳಿ ಇದ್ದ ಹಳ್ಳಿಗಳಲ್ಲೇ ಸೋರಿಕೆ ಹೆಚ್ಚಾಯಿತು. ಹಳೆಯ ಮುಖಂಡರು ಮತ್ತು ಹೊಸ ಸದಸ್ಯರು ಒಂದೇ ಊರಿನಲ್ಲಿದ್ದು, ಲೆಕ್ಕ ಒಪ್ಪಿಸುವ ಹೊಣೆ ಯಾರದೆಂದು ಗೊತ್ತಿಲ್ಲದಿದ್ದರೆ ಹೀಗಾಗುವುದು ಸಹಜ. ಆದ್ದರಿಂದ ಚುನಾವಣೆ ನಡೆಸುವುದಕ್ಕೆ ಮೊದಲೇ, ಯಾವ ಕೆಲಸ ಯಾರ ಪಾಲಿನದು ಎಂಬುದನ್ನು ಊರಿನವರೆಲ್ಲರಿಗೂ ತಿಳಿಯುವಂತೆ ಬರೆದಿಡಬೇಕೆಂಬುದು ನನ್ನ ಅಭಿಪ್ರಾಯ.

ಕಾಬೂಲ್ ಇದನ್ನು ಮಾಡಲಿಲ್ಲ. ಹಳ್ಳಿ ಮತ್ತು ಜಿಲ್ಲಾ ಮಂಡಳಿಗಳಿಗೆ ಚುನಾವಣೆ ನಡೆಯಬೇಕೆಂದು 2004ರ ಸಂವಿಧಾನದ 140ನೇ ವಿಧಿ ಹೇಳಿದ್ದರೂ ಜಿಲ್ಲಾ ಮಂಡಳಿಗಳ ಚುನಾವಣೆ ಕೊನೆಯವರೆಗೂ ನಡೆಯಲೇ ಇಲ್ಲ. ಜಿಲ್ಲೆಯ ಮುಖ್ಯಸ್ಥನಾದ ವುಲುಸ್ವಾಲನನ್ನು ರಾಜಧಾನಿಯೇ ನೇಮಿಸುತ್ತಿತ್ತು. ಅನುದಾನ ಮುಗಿದ ಮೇಲೆ ಹಳ್ಳಿಯ ಮಂಡಳಿಯ ಮಾತನ್ನು ಮೇಲಿನ ಕಚೇರಿ ಕೇಳಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. (2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಹೋದದ್ದನ್ನು ನೆನೆದರೆ, ಕಾಬೂಲೊಂದನ್ನೇ ದೂರುವಂತಿಲ್ಲ.)

ಭದ್ರತೆಯ ಪ್ರಶ್ನೆ ಬೇರೆಯೇ ಇದೆ. ಅತ್ಯಂತ ಅಪಾಯಕಾರಿ ಜಿಲ್ಲೆಗಳಿಗೇ ಮೊದಲು ಹಣ ಸುರಿದದ್ದನ್ನು ಅಮೆರಿಕ ಸರ್ಕಾರದ್ದೇ ಅಫ್ಗಾನ್ ಪುನರ್ನಿರ್ಮಾಣ ವಿಶೇಷ ಮಹಾನಿರೀಕ್ಷಕರ 2018ರ ವರದಿ ಟೀಕಿಸಿತು; ಅಲ್ಲಿ ದೊರೆತ ಯಶಸ್ಸು ವಿದೇಶಿ ಪಡೆಗಳು ಇದ್ದಷ್ಟು ದಿನಕ್ಕಿಂತ ಹೆಚ್ಚು ಕಾಲ ಉಳಿದದ್ದು ವಿರಳವೆಂದೂ ಹೇಳಿತು. ಸಭೆಗೆ ಹೋದವನು ರಾತ್ರಿ ಮನೆಯಲ್ಲಿ ನಿರ್ಭಯವಾಗಿ ಮಲಗುವ ಸ್ಥಿತಿ ಇಲ್ಲದ ಊರಿನಲ್ಲಿ ಮಂಡಳಿ ರಚಿಸುವುದಕ್ಕಿಂತ, ತಕ್ಕಮಟ್ಟಿಗೆ ಶಾಂತಿಯಿರುವ ನೆರೆಯ ಊರುಗಳಲ್ಲಿ ಅದನ್ನು ಗಟ್ಟಿಗೊಳಿಸಿ, ನೀರಿನ ಸರದಿ, ಜಮೀನಿನ ತಕರಾರು, ಶಾಲೆಯ ಉಸ್ತುವಾರಿಯಂಥ ವರ್ಷವಿಡೀ ನಡೆಯುವ ಕೆಲಸಗಳನ್ನು ಅದಕ್ಕೆ ವಹಿಸುವುದು ಮೇಲು.